ಮೈಗಳ್ಳಿ ಅಂದವರಿಗೆ

ರೋಗ ಬಂದ ಮೇಲೆ ಮನಸ್ಸು ಗಟ್ಟಿ ಮಾಡ್ಕೊಬೇಕು ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು ಖರ್ಚು? ನೆಮ್ಮದಿ ಎಂಬುದು ರೋಗಿ ತಾನೊಬ್ಬನೇ ಬೆಳೆದುಕೊಳ್ಳಬೇಕಾದ ಬೆಳೆಯೇ? ಹಾಗಾದರೆ ನೆಲ ಯಾರದು, ನೀರು ಯಾರದು?

ನಮ್ಮ ಚಿಕ್ಕವ್ವ ಗಾರೆ ಕೆಲಸದವಳು. ಮೂವತ್ತು ತುಂಬುವ ಮೊದಲೇ ಒಂದು ಕಣ್ಣು ಮಂಜಾಯಿತು; ಕೆಲವು ವಾರದಲ್ಲಿ ತಾನೇ ಸರಿಹೋಯಿತು. ಆಮೇಲೆ ಕಾಲು ಜೋಮು ಹಿಡಿಯಿತು, ಅದೂ ಬಿಟ್ಟಿತು. ಉಳಿದದ್ದು ದಣಿವು. ಬಿಸಿಲೇರಿದರೆ ಬಾಂಡ್ಲಿ ಎತ್ತಲು ಆಗದು. ಮೇಸ್ತ್ರಿ 'ಮೈಗಳ್ಳಿ' ಅಂದ. ಅತ್ತೆ 'ಗಾಳಿ ಸೋಕದೆ' ಅಂದಳು. ಡಾಕ್ಟರು ಶಕ್ತಿ ಮಾತ್ರೆ ಕೊಟ್ಟರು. ನಾಲ್ಕು ವರ್ಷದ ಮೇಲೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ಚಿಕ್ಕವ್ವ ಅತ್ತಳು. ಅತ್ತು ಮುಗಿಸಿ, 'ಸದ್ಯ, ನಾ ಕಳ್ಳಾಟ ಆಡ್ಲಿಲ್ಲ ಅಂತ ಆಯ್ತಲ್ಲ ಮಗ' ಅಂದಳು.

ಕರೆಂಟು ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರಗಳಿಗೂ ಮಯಲಿನ್ ಎಂಬ ಹೊದಿಕೆಯಿದೆ. ಮೈ ಕಾಯಬೇಕಾದ ಪಡೆಯೇ ಮೆದುಳು, ಬೆನ್ನುಹುರಿಗಳಲ್ಲಿ ಆ ಹೊದಿಕೆಯನ್ನು ತಿನ್ನುತ್ತದೆ. ನರದ ಸುದ್ದಿ ದಾರಿಯಲ್ಲೇ ತಡವರಿಸುತ್ತದೆ. ಮೈ ಬಿಸಿಯಾದರೆ ಇನ್ನಷ್ಟು. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರು, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಇದರಲ್ಲಿ ಖಿನ್ನತೆಯೂ ತೀರ ಸಾಮಾನ್ಯ. ಅದು ಹೇಡಿತನವಲ್ಲ; ಏಟು ಬಿದ್ದಿರುವುದೇ ಮೆದುಳಿಗೆ. ಅದಕ್ಕೂ ಚಿಕಿತ್ಸೆಯಿದೆ.

1868ರಲ್ಲಿ ಶಾರ್ಕೋ ಎಂಬ ವೈದ್ಯ ಈ ರೋಗವನ್ನು ಸ್ಪಷ್ಟವಾಗಿ ಗುರುತಿಸಿದ್ದು ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್‌ನಲ್ಲಿ. ಅದು ದಿಕ್ಕಿಲ್ಲದ ಬಡ ಹೆಂಗಸರನ್ನು ತುಂಬಿದ್ದ ಆಸ್ಪತ್ರೆ. ರೋಗದ ಓಟ ತಗ್ಗಿಸುವ ಮದ್ದುಗಳು 1993ರಿಂದ ಬರುತ್ತಿವೆ. ಬಡವಿಯರ ಮೈಯಿಂದ ಕಲಿತ ವಿದ್ಯೆ ಬಡವಿಯರ ಬಾಗಿಲಿಗೆ ಬರಲು ಇನ್ನೆಷ್ಟು ಕಾಲ?

ಇಂಗ್ಲೆಂಡಿನ ಬ್ರೂಸ್ ಕಮಿಂಗ್ಸ್ ಕಾಲೇಜು ಮೆಟ್ಟಿಲು ಹತ್ತದೆ, ತಾನೇ ಓದಿ, ಪರೀಕ್ಷೆ ಗೆದ್ದು ಲಂಡನ್ನಿನ ಪ್ರಕೃತಿ ವಿಜ್ಞಾನದ ಮ್ಯೂಸಿಯಮ್ಮಿನಲ್ಲಿ ಕೆಲಸ ಹಿಡಿದವನು. 1915ರಲ್ಲಿ ಸೈನ್ಯದ ತಪಾಸಣೆಗೆಂದು ಅವನ ಡಾಕ್ಟರು ಮುಚ್ಚಿದ ಲಕೋಟೆ ಕೊಟ್ಟರು. ವಾಪಸು ಬರುವಾಗ ಒಡೆದು ಓದಿದ. ತನ್ನ ರೋಗ ತನಗೆ ತಿಳಿದದ್ದು ಹಾಗೆ. ಹೆಂಡತಿಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದೇ ಕೈ ಹಿಡಿದಿದ್ದಳು. ಹೇಳದೆ ಉಳಿಸಿದ್ದು ರೋಗಿಗೆ ಮಾತ್ರ. ಬಾರ್ಬೆಲಿಯನ್ ಎಂಬ ಹೆಸರಲ್ಲಿ ಅವನ ದಿನಚರಿ 1919ರಲ್ಲಿ ಅಚ್ಚಾಯಿತು. ಅದೇ ವರ್ಷ, 30ರ ವಯಸ್ಸಿಗೆ, ತೀರಿಕೊಂಡ.

ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನಾದ್ದರಿಂದ ಚಿಕ್ಕವ್ವನ ಕಾಗದಗಳನ್ನು ಓದಿ ಹೇಳುವವನು ನಾನೇ. ನಮ್ಮ ಜನಕ್ಕೆ ಲಕೋಟೆ ಮುಚ್ಚುವ ಕೆಲಸವೇ ಬೇಡ. ಇಂಗ್ಲಿಷಿನಲ್ಲಿ ಬರೆದರೆ ಸಾಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ರೋಗದ ಹೆಸರಿದೆ. ಆದರೆ ಮೀಸಲಾತಿಯಂಥ ಸವಲತ್ತಿಗೆ 40 ಪರ್ಸೆಂಟು ವಿಕಲತೆ ಇರಬೇಕು. ಕುಂಟುವ ಕಾಲು ಕಾಣುತ್ತದೆ. ದಣಿವಿಗೆಷ್ಟು ಪರ್ಸೆಂಟು ಸ್ವಾಮಿ?

ಚಿಕ್ಕವ್ವ ಈಗ ನೆರಳಲ್ಲಿ ಕೂತು ಹೂ ಕಟ್ಟುತ್ತಾಳೆ. ಸಾಕಾದಾಗ ಮಲಗುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. 'ನೆಮ್ಮದಿಯಾಗಿದೀಯಾ ಚಿಕ್ಕವ್ವ?' ಅಂದೆ. 'ಕಾಲು ಹಂಗೇ ಅದೆ. ಆದ್ರೆ ಕೈಗೆ ಕೆಲ್ಸ ಅದೆ, ನೀವು ನಂಬ್ತೀರಿ' ಅಂದಳು. ಸತ್ಯ, ಮದ್ದು, ಮೈಗೆ ತಕ್ಕ ದುಡಿಮೆ, ನಂಬಿಕೆ. ಇವನ್ನು ಕೊಡದೆ ಧೈರ್ಯ ಹೇಳುವುದು ಮೋಸ.

ಗೆಳೆಯರೇ, ಮೇಷ್ಟ್ರುಗಳೇ, ಕೇರಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಮೈಗಳ್ಳಿ ಅಂದರೆ ಕೇಳಿಸಿಕೊಂಡು ಸುಮ್ಮನೆ ಬರಬೇಡಿ. ಕಣ್ಣು ಯಾವಾಗಲಾದ್ರೂ ಮಂಜಾಗಿತ್ತಾ, ಬಿಸಿಲಲ್ಲಿ ಕೈಕಾಲು ಸೋಲ್ತವಾ ಅಂತ ಅವಳನ್ನೇ ಕೇಳಿ. ನರರೋಗದ ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಅದಕ್ಕೂ ಮೊದಲು ಅವಳ ಮಾತು ನಂಬಿ.