ಕಾರಿಗೊಂದು ಬೆಳಕಿಂಡಿ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ 1974ರ ಡಟ್ಸನ್ 260ಝಡ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರು ಇದೆ. ಅದರ ಉಕ್ಕಿನ ಚಾವಣಿಯನ್ನು ಕತ್ತರಿಸಿ, ಬೇಕೆಂದಾಗ ತೆಗೆದಿಡಬಹುದಾದ ಫಲಕವನ್ನು ಕೂರಿಸಬೇಕೆಂಬುದು ಅವನ ಆಸೆ. "ಡಬ್ಬಿಗೆ ಮುಚ್ಚಳ ಮಾಡಿಸಿದಂತೆ, ಅಷ್ಟೇ ಅಲ್ಲವೇ ಸರ್?" ಎಂದು ಕಳೆದ ತಿಂಗಳು ಫೋನಿನಲ್ಲಿ ಕೇಳಿದ. ಭಾನುವಾರಗಳಂದು ಆ ಕಾರಿನ ಪಕ್ಕದ ಆಸನದಲ್ಲಿ ಕೂರುವವಳು ಅವನ ಮಗಳು. ಆದ್ದರಿಂದ ಸುಮ್ಮನೆ ಹೂಂಗುಟ್ಟಲು ನನಗೆ ಮನಸ್ಸಾಗಲಿಲ್ಲ.

ತರಗತಿಯಲ್ಲಿ ನಾನು ತೋರಿಸುತ್ತಿದ್ದ ರಟ್ಟಿನ ಕೊಳವೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇಡಿಯ ಕೊಳವೆಯನ್ನು ಎರಡೂ ಕೈಗಳಿಂದ ತಿರುಚಿದರೆ ಜಗ್ಗದು. ಉದ್ದಕ್ಕೆ ಒಂದೇ ಒಂದು ಸೀಳು ಹಾಕಿದೊಡನೆ ಮೆತ್ತಗೆ ಮಣಿಯುತ್ತದೆ. ಲಾರಿಗಿರುವಂತಹ ಪ್ರತ್ಯೇಕ ಚಾಸಿಸ್ ಈ ಡಟ್ಸನ್ನಿಗಿಲ್ಲ. ನೆಲ, ಕಂಬ, ಚಾವಣಿ ಕೂಡಿದ ಒಡಲೇ ಭಾರ ಹೊರಬೇಕು. ಚಾವಣಿಗೆ ಕತ್ತರಿ ಬಿದ್ದರೆ, ಒಂದು ಚಕ್ರ ಗುಂಡಿಗೆ ಇಳಿದಾಗಲೆಲ್ಲ ಒಡಲು ತಿರುಚಿಕೊಳ್ಳುತ್ತದೆ. ಬಾಗಿಲು ಸರಿಯಾಗಿ ಕೂರುವುದಿಲ್ಲ, ರಬ್ಬರಿನ ಅಂಚಿನಲ್ಲಿ ಮಳೆನೀರು ಇಳಿಯುತ್ತದೆ. ಕಾರು ಮಗುಚಿದರೆ ಏನಾದೀತೆಂಬುದನ್ನು ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಕಾರ್ಖಾನೆಯವರಿಗೂ ಇದು ಸುಲಭದ ಕೆಲಸವಾಗಿರಲಿಲ್ಲ. ಅಮೆರಿಕದಲ್ಲಿ ತೆರೆದ ಕಾರುಗಳನ್ನು ನಿಷೇಧಿಸಿಯಾರೆಂಬ ಅಂಜಿಕೆಯಿದ್ದ ಕಾಲದಲ್ಲಿ, 1965ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಪೋರ್ಷೆ ಕಂಪನಿ 911 ಟಾರ್ಗಾವನ್ನು ತೋರಿಸಿತು. ಸಿಸಿಲಿ ದ್ವೀಪದಲ್ಲಿ 1906ರಲ್ಲಿ ಆರಂಭವಾದ ಟಾರ್ಗಾ ಫ್ಲೋರಿಯೊ ಎಂಬ ಓಟದಿಂದ ಬಂದ ಹೆಸರದು. ತಲೆಯ ಮೇಲಿನ ಫಲಕವನ್ನು ತೆಗೆಯಬಹುದು. ಆದರೆ ಆಸನಗಳ ಹಿಂದೆ ಗಟ್ಟಿಯಾದ ಉಕ್ಕಿನ ಕಮಾನೊಂದು ಕದಲದೆ ನಿಂತಿರುತ್ತದೆ. ಷೆವ್ರೊಲೆಯವರ 1968ರ ಕಾರ್ವೆಟ್‌ಗೆ ಮೊದಲು ಯೋಚಿಸಿದ್ದು ಒಂದೇ ಅಗಲದ ಫಲಕ. ಒಡಲು ಬಾಗತೊಡಗಿದ್ದರಿಂದ, ಮುಂಗಾಜಿನ ಚೌಕಟ್ಟಿನಿಂದ ಹಿಂದಿನವರೆಗೆ ನಡುವೆ ಪಟ್ಟಿಯೊಂದನ್ನು ಹಾಯಿಸಿ, ಫಲಕವನ್ನು ಎರಡಾಗಿಸಿದರು. 1984ರ ಮಾದರಿಯಲ್ಲಿ ಆ ಪಟ್ಟಿ ಹೋಯಿತು. ಬದಲಿಗೆ ಬಾಗಿಲ ಕೆಳಗಿನ ಹೊಸ್ತಿಲುಗಳು ಎಷ್ಟು ಎತ್ತರವಾದವೆಂದರೆ, ನನ್ನಂಥ ಮಂಡಿನೋವಿನವರು ಆ ಕಾರನ್ನು ಹತ್ತುವ ಮಾತೇ ಇಲ್ಲ! ಫಲಕವನ್ನೂ ಬೋಲ್ಟುಗಳಿಂದ ಬಿಗಿಯಬೇಕಾಯಿತು.

ನಮ್ಮ ತೊಟ್ಟಿಮನೆಗಳನ್ನೇ ನೋಡಿ. ನಡುವೆ ಆಕಾಶ ಕಾಣುತ್ತದೆ, ನಿಜ; ಆದರೆ ತೊಟ್ಟಿಯ ನಾಲ್ಕೂ ಸುತ್ತ ಕಂಬ ತೊಲೆಗಳು ಸೂರಿನ ಭಾರವನ್ನು ಹೊತ್ತಿವೆ. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನ ಮನೆ ನೆನಪಾಯಿತು ಸರ್" ಎಂದ.

ಮೊನ್ನೆ ಅವನ ಗ್ಯಾರೇಜಿನವರು ಬರೆದ ನಕ್ಷೆಯೊಂದನ್ನು ಕಳುಹಿಸಿದ್ದಾನೆ. ನಡುವಿನ ಪಟ್ಟಿಯನ್ನು ಉಳಿಸಿಕೊಂಡಿದ್ದಾರೆ, ಸಂತೋಷ. ಹೊಸ್ತಿಲುಗಳಿಗೆ ಏನು ಬಲ ಕೊಡುತ್ತಾರೆಂಬುದು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಹಳೆಯ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಿರುಗಿಸಿದ್ದೇನೆ. ಅದಕ್ಕೆ ಉತ್ತರ ಬರುವವರೆಗೆ ಗರಗಸವನ್ನು ಮುಟ್ಟಕೂಡದೆಂದೂ ಬರೆದಿದ್ದೇನೆ.