ಜಿನೀವಾದ ಮೌನ, ರಾಮನಗರದ ಮಣಿಸರ



ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರಲು ಅಮೆರಿಕವು 2025ರ ಜನವರಿಯಲ್ಲಿ ಆದೇಶ ಹೊರಡಿಸಿದಾಗ, ‘ಆರೋಗ್ಯದಲ್ಲೂ ರಾಜಕೀಯವೇ ಮೇಷ್ಟ್ರೇ?’ ಎಂದು ಕೆಲವರು ಕೇಳಿದಿರಿ. ಇದು ಹೊಸತಲ್ಲ. ನಮ್ಮ ನಾಡಿಗೇ ಸಂಬಂಧಿಸಿದ ಹಳೆಯ ಪ್ರಸಂಗವೊಂದಿದೆ.

ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರಲ್ಲಿ, ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆಜ್ಞಾಪಿಸಿತು. ಸರ್ಕಾರವೊಂದು ಇಂಥ ಕಾರ್ಯ ಕೈಗೊಂಡದ್ದು ಲೋಕದಲ್ಲೇ ಮೊದಲೆನ್ನುತ್ತಾರೆ. ಯಳಂದೂರು ಆ ಸಂಸ್ಥಾನದಲ್ಲಿತ್ತು. ಹನೂರನ್ನು ಒಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಳ್ವಿಕೆ ಬೇರೆಯಾದರೂ, ಒಂದು ಕೂಸು ನಡೆಯುವ ಮೊದಲೇ ಮತ್ತೊಂದನ್ನು ಹೊರುವ ತಾಯಂದಿರ ಬವಣೆ ಎರಡೂ ಕಡೆ ಒಂದೇ.

ಸ್ವಾತಂತ್ರ್ಯಾನಂತರ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರು ಈ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೋರಿದರು. ಗಾಂಧೀಜಿಯವರ ಅನುಯಾಯಿಯಾದ ಅವರಿಗೆ ಕೃತಕ ಸಾಧನಗಳು ಒಪ್ಪಿಗೆಯಿರಲಿಲ್ಲ. ದಿನ ಎಣಿಸಿ ಸಂಯಮದಿಂದಿರುವ ವಿಧಾನವೊಂದನ್ನೇ ಬಯಸಿದರು. 1951ರಲ್ಲಿ ಸಂಸ್ಥೆಯು ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ದೆಹಲಿಯ ಲೋದಿ ಕಾಲೊನಿಯಲ್ಲಿಯೂ ನಮ್ಮ ರಾಮನಗರದಲ್ಲಿಯೂ ಪ್ರಯೋಗ ನಡೆಯಿತು. ದಿನದ ಲೆಕ್ಕವಿಡಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ಆದರೆ ಋತುಚಕ್ರವು ಎಲ್ಲರಲ್ಲೂ ಒಂದೇ ಲೆಕ್ಕದಲ್ಲಿ ನಡೆಯುವುದಿಲ್ಲ. ಪ್ರಯೋಗವು ನಿರೀಕ್ಷಿತ ಫಲ ನೀಡಲಿಲ್ಲ.

1952ರ ಮೇ ತಿಂಗಳಲ್ಲಿ ಜಿನೀವಾದ ಮಹಾಸಭೆಯಲ್ಲಿ ನಾರ್ವೆಯ ಕಾರ್ಲ್ ಎವಾಂಗ್ ಅವರು ಈ ಕುರಿತು ತಜ್ಞರ ಸಮಿತಿ ರಚಿಸಬೇಕೆಂದರು. ಬೆಲ್ಜಿಯಂ, ಐರ್ಲೆಂಡ್, ಇಟಲಿ ಮೊದಲಾದ ಕ್ಯಾಥೊಲಿಕ್ ಪ್ರಾಬಲ್ಯದ ದೇಶಗಳು ತೀವ್ರವಾಗಿ ವಿರೋಧಿಸಿದವು. ಸಂಸ್ಥೆಯೇ ಒಡೆದೀತೆಂಬ ಭಯ ಹುಟ್ಟಿ, ಪ್ರಸ್ತಾಪವನ್ನು ಕೈಬಿಡಲಾಯಿತು. ಈ ಬಗ್ಗೆ ಸಲಹೆ ನೀಡಲು ಮಹಾಸಭೆ ಸಮ್ಮತಿಸಿದ್ದು 1965ರಲ್ಲಿ. ನಡುವಿನ ಹದಿಮೂರು ವರ್ಷಗಳ ಮೌನಕ್ಕೆ ವೈದ್ಯಶಾಸ್ತ್ರದ ಕಾರಣವಿರಲಿಲ್ಲ. ಅದರ ಬೆಲೆ ತೆತ್ತ ತಾಯಂದಿರಿಗೆ ಜಿನೀವಾ ಎಲ್ಲಿದೆಯೆಂಬುದೂ ತಿಳಿದಿರಲಿಲ್ಲ.

ಹಾಗೆಂದು ಸಂಸ್ಥೆಯನ್ನೇ ತೊರೆಯಬೇಕೆ? ಸಿಡುಬಿನ ನಿರ್ಮೂಲನಕ್ಕೆ 1958ರಲ್ಲಿ ಕರೆಕೊಟ್ಟದ್ದು ಸೋವಿಯತ್ ಒಕ್ಕೂಟ. ಅದರ ಕಡುವಿರೋಧಿಯಾದ ಅಮೆರಿಕವೂ ಕೈಜೋಡಿಸಿತು. 1980ರಲ್ಲಿ ಲೋಕವು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದ್ದು ಇದೇ ಸಂಸ್ಥೆ. ಎದ್ದುಹೋಗುವೆನೆಂದು ಬೆದರಿಸಿದವರಿಂದ 1952ರಲ್ಲಿ ಕೆಲಸ ಕೆಟ್ಟಿತು. ಜಗಳವಾಡುತ್ತಲೇ ಕುಳಿತವರಿಂದ ಸಿಡುಬು ತೊಲಗಿತು.

ಆದುದರಿಂದ, ಮಕ್ಕಳೇ, ಅಲ್ಲಿಂದ ಬರುವ ಸಲಹೆಯನ್ನು ಗೌರವದಿಂದ ಓದಿ. ಜೊತೆಗೆ, ಯಾವ ಮಾತನ್ನು ಯಾರಿಗಾಗಿ ಆಡದೆ ಬಿಟ್ಟಿದ್ದಾರೆಂದೂ ವಿಚಾರಿಸಿ.