‘ಕ’ ಅಂದರೆ 3221

ಚಪ್ಪಲಿ ಹೊರಗೇ ಬಿಟ್ಟು ಬನ್ನಿ. ಕಂಪ್ಯೂಟರಿಗೆ ಧೂಳು ಆಗದು ಎಂದು ಯಾವ ಕಾಲದಲ್ಲೋ ಮಾಡಿದ ನಿಯಮ, ಯಾರೂ ತೆಗೆದಿಲ್ಲ. ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನ ಲ್ಯಾಬು. ಊಟದ ಬಿಡುವು ಮುಗಿದು ಬಿಸಿಎ ಹುಡುಗರ ಮಲ್ಟಿಮೀಡಿಯಾ ಪ್ರಾಕ್ಟಿಕಲ್ ಶುರುವಾಗಿದೆ. ಕರೆಂಟು ಈಗಷ್ಟೇ ಹೋಯಿತು. ಫ್ಯಾನು ನಿಂತಿದೆ, ಯುಪಿಎಸ್ಸು ಕೀಂ ಕೀಂ ಅನ್ನುತ್ತಿದೆ. ಒಂದು ಸಿಸ್ಟಮ್ಮಿಗೆ ಇಬ್ಬರಂತೆ ಕೂತಿದ್ದಾರೆ. ಕಿಟಕಿ ಪಕ್ಕದ್ದಕ್ಕೆ ಮಾತ್ರ ಮೂವರು, ಅದರ ಮೌಸು ಚೆನ್ನಾಗಿದೆ ಅಂತ. ಅವರ ಬೆನ್ನ ಹಿಂದೆ ನಿಂತುಕೊಳ್ಳಿ.

ಪರದೆಯ ಮೇಲೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ. ರಾಶಿ ಬಿದ್ದ ಉಂಡೆ ಕೊಬ್ಬರಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಆರಿಸುವ ಕೈಗಳು. ಹುಡುಗರೇ ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ಸಾಕ್ಷ್ಯಚಿತ್ರ. ಇಂಟರ್ನಲ್ಸ್‌ಗೆ ಇದನ್ನೇ ಒಪ್ಪಿಸಬೇಕು. ಮೇಡಂ ಬೋರ್ಡಿನ ಮೇಲೆ ಲೆಕ್ಕ ಹಾಕುತ್ತಿದ್ದಾರೆ. ಒಂದು ಫ್ರೇಮಿಗೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ, ಒಟ್ಟು 20,73,600. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟು. ಸೆಕೆಂಡಿಗೆ 25 ಫ್ರೇಮು. ಎರಡು ನಿಮಿಷಕ್ಕೆ? ಹಿಂದಿನ ಸಾಲಿನವನು ಮೊಬೈಲಿನಲ್ಲಿ ಗುಣಿಸಿ, ‘ಹದಿನೆಂಟು ಜಿಬಿ ದಾಟ್ತದೆ ಮೇಡಂ’ ಅನ್ನುತ್ತಾನೆ. ಇವರ ಪೆನ್‌ಡ್ರೈವಿನಲ್ಲಿರುವ ಫೈಲು ಇನ್ನೂರು ಎಂಬಿಯೂ ಇಲ್ಲ.

‘ಮಿಕ್ಕಿದ್ದು ಎಲ್ಲಿಗೆ ಹೋಯ್ತು?’

ಉತ್ತರ ಪರದೆಯ ಮೇಲೇ ಇದೆ. ರಾಶಿ ಅಲುಗುತ್ತಿಲ್ಲ, ಕೈ ಮಾತ್ರ ಅಲುಗುತ್ತಿದೆ. 2003ರಲ್ಲಿ ಬಂದ ಎಚ್.264 ಎಂಬ ವಿಧಾನ ರಾಶಿಯನ್ನು ಒಮ್ಮೆ ಪೂರ್ತಿ ಬರೆದಿಟ್ಟು, ಮುಂದಿನ ಫ್ರೇಮುಗಳಲ್ಲಿ ಬದಲಾದಷ್ಟನ್ನೇ ಬರೆದುಕೊಂಡು ಹೋಗುತ್ತದೆ. ಹಿಡಿದ ಕೈ ನಡುಗಿದರೆ ಬರೆಯುವುದೂ ಹೆಚ್ಚು, ಫೈಲೂ ದಪ್ಪ. ಟ್ರೈಪಾಡು ಬಳಸಿ ಅಂತ ಮೇಡಂ ಸದಾ ಗೊಣಗುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಗಲಾಟೆ ಶುರುವಾಗುವುದು ಕನ್ನಡ ಬಂದಾಗ.

ಚಿತ್ರಕ್ಕೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಬೇಕೆಂಬುದು ಮೇಡಂ ಹಟ. ಕಿವಿ ಕೇಳಿಸದವರಿದ್ದಾರೆ, ಬಸ್ಸಿನಲ್ಲಿ ಸೌಂಡು ಆರಿಸಿ ನೋಡುವವರಿದ್ದಾರೆ. ಸಬ್‌ಟೈಟಲ್ ಫೈಲು ಬರೀ ಪಠ್ಯ: ಕ್ರಮಸಂಖ್ಯೆ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಕೆಳಗೆ ಮಾತು. ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ ಸೇವ್ ಮಾಡಿದ್ದಾರೆ. ಈಗ ಓಡಿಸಿದರೆ ರೈತ ಮಾತಾಡಿದಂತೆಲ್ಲ ಕೆಳಗೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ.

‘ಲೇ, ಏನೋ ಮಾಡ್ದೆ?’

‘ನಾನೇನೂ ಮಾಡಿಲ್ಲ ಕಣೋ. ಏನೋ ಕೇಳ್ತು, ಓಕೆ ಕೊಟ್ಟೆ.’

ಲ್ಯಾಬಿನಲ್ಲಿರುವುದು ವಿಂಡೋಸ್ 7. ಆನ್ಸಿ ಎಂಬ ಹಳೆಯ ಸಂಕೇತದಲ್ಲಿ ಉಳಿಸಿದರೆ ಯೂನಿಕೋಡ್ ಅಕ್ಷರಗಳು ಕಳೆದುಹೋಗುತ್ತವೆ ಎಂದು ಅದರ ನೋಟ್‌ಪ್ಯಾಡು ಇಂಗ್ಲಿಷಿನಲ್ಲಿ ಎಚ್ಚರಿಸಿತ್ತು. ಅವನು ಕೇಳಿಸಿಕೊಂಡ ‘ಏನೋ’ ಅದೇ. ಹೋದದ್ದು ಹೋಯಿತು, ಪ್ರಶ್ನಾರ್ಥಕ ಚಿಹ್ನೆಯಿಂದ ಕನ್ನಡವನ್ನು ವಾಪಸು ತೆಗೆಯಲು ಬರುವುದಿಲ್ಲ. ಮತ್ತೆ ಟೈಪ್ ಮಾಡಬೇಕು, ಉಳಿಸುವಾಗ ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಆರಿಸಬೇಕು.

ಮೇಡಂ ಬೈಯುವುದಿಲ್ಲ. ಕುರ್ಚಿ ಎಳೆದುಕೊಂಡು ಪೈಥಾನ್ ತೆರೆಯುತ್ತಾರೆ. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ನಂಬರು; ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರು ಕೊಟ್ಟ ಪಟ್ಟಿಯೇ ಯೂನಿಕೋಡ್. ‘ಕ್ಯಾಪಿಟಲ್ ಎ ನಂಬರ್ ಎಷ್ಟ್ರೋ?’ ‘ಅರವತ್ತೈದು!’ ಎಂದು ಲ್ಯಾಬಿಗೆ ಲ್ಯಾಬೇ ಕೂಗುತ್ತದೆ. ಮೊದಲ ಸೆಮಿಸ್ಟರಿನ ಬಾಯಿಪಾಠ. ‘ಕ ನಂಬರ್?’ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎಂಟರ್ ಒತ್ತಿದರೆ 3221. ನ 3240. ಡ 3233. ‘ಕನ್ನಡ’ ಪದದ ಉದ್ದ ಕೇಳಿದರೆ 5. ಕಣ್ಣಿಗೆ ಕಾಣುವುದು ಮೂರೇ ಅಕ್ಷರ! ಮೂವರಲ್ಲೊಬ್ಬಳು ಬೆರಳು ಮಡಚುತ್ತಾಳೆ: ಕ, ನ, ಅದನ್ನು ಅರ್ಧ ಮಾಡುವ ಹಲಂತ, ಇನ್ನೊಂದು ನ, ಡ. ಸರಿಹೋಯಿತು. ಬೈಟಿನ ಲೆಕ್ಕಕ್ಕೆ ಬಂದರೆ 15, ಯುಟಿಎಫ್-8ರಲ್ಲಿ ಇವಕ್ಕೆ ತಲಾ ಮೂರು ಬೈಟು ಬೇಕು.

‘ಈಗ ಕರ್ನಾಟಕ ತಿರುಗಿಸೋಣ’ ಅನ್ನುತ್ತಾರೆ ಮೇಡಂ. ಪದವನ್ನು ಹಿಂದುಮುಂದು ಮಾಡುವ ಪ್ರೋಗ್ರಾಂ ಎಲ್ಲರ ರೆಕಾರ್ಡ್ ಬುಕ್ಕಿನಲ್ಲೂ ಇದೆ, ಸಹಿಯೂ ಬಿದ್ದಿದೆ, ಇಂಗ್ಲಿಷಿನಲ್ಲಿ ಯಾರೂ ಎಡವಿಲ್ಲ. ಪರದೆಯ ಮೇಲೆ ಬಂದದ್ದು ‘ಕಟಾನ್ರಕ’. ನಗು ನಿಲ್ಲುವುದಿಲ್ಲ. ನೀವೂ ನಕ್ಕು ಆಮೇಲೆ ಸರಿಯಾಗಿ ನೋಡಿ: ‘ನ’ಕ್ಕೆ ಅಂಟಿದ್ದ ದೀರ್ಘ ‘ಟ’ದ ಮೇಲೆ ಹಾರಿದೆ, ಅರ್ಕಾವತ್ತಾಗಿದ್ದ ‘ರ’ ಈಗ ‘ನ’ದ ಕೆಳಗೆ ಒತ್ತಾಗಿ ಕೂತಿದೆ. ಕಂಪ್ಯೂಟರಿನೊಳಗೆ ಅರ್ಕಾವತ್ತು ಎಂಬುದೇ ಇಲ್ಲ. ಇರುವುದು ರ, ಹಲಂತ, ನ. ನಾವು ಉಚ್ಚರಿಸುವ ಕ್ರಮದಲ್ಲಿ. ಅದನ್ನು ‘ನ’ ಆದಮೇಲೆ ಅರ್ಕಾವತ್ತಾಗಿ ಬರೆದು ತೋರಿಸುವುದು ಫಾಂಟಿನ ಕೆಲಸ. ಕನ್ನಡದ ಹುಡುಗರಿಗೆ ಪಠ್ಯವೆಂದರೇನು ಎಂಬುದನ್ನು ಈ ಒಂದು ಪದದಿಂದಲೇ ಶುರುಮಾಡಬೇಕು. 65ನ್ನು ಆಮೇಲೆ ಕಲಿಸಿದರೂ ನಡೆಯುತ್ತದೆ.

ಅಷ್ಟರಲ್ಲಿ ಕಿಟಕಿ ಪಕ್ಕದವರು ಇನ್ನೊಂದು ತಕರಾರು ತಂದಿದ್ದಾರೆ. ಟೈಟಲ್ಲಿಗೆ ಬೇಕಾದ ವಿವರವನ್ನು ಯಾರೋ ವರ್ಡ್ ಫೈಲಿನಲ್ಲಿ ಕೊಟ್ಟಿದ್ದಾರೆ. ವರ್ಡಿನಲ್ಲಿ ಮುದ್ದಾದ ಕನ್ನಡ. ನೋಟ್‌ಪ್ಯಾಡಿಗೆ ಅಂಟಿಸಿದರೆ ನೆತ್ತಿಯ ಮೇಲೆ ಗೀರು, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಇದು ಹಳೆಯ ನುಡಿ ಫಾಂಟಿನ ಕಡತ. ಅಲ್ಲಿ ಉಳಿದಿರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಕನ್ನಡದ ವೇಷ ಹಾಕಿಸುವುದಷ್ಟೇ ಫಾಂಟು. ಹುಡುಕಿದರೆ ಗೂಗಲ್ಲಿಗೆ ಸಿಗುವುದಿಲ್ಲ. ಕಣ್ಣು ಕಾಣದವರ ಓದುವ ತಂತ್ರಾಂಶ ತೊದಲುತ್ತದೆ. 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಈ ಕೋಣೆಯಲ್ಲಿ ಕೂತವರ್ಯಾರೂ ಆಗ ಹುಟ್ಟಿರಲಿಲ್ಲ.

ಹಾಗಂತ ಹಳೆಯ ಫಾಂಟಿಗೆ ಅಂಟಿಕೊಂಡವರನ್ನು ಬೈದು ಉಪಯೋಗವಿಲ್ಲ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗುತ್ತಿತ್ತು. ಫ್ಲೆಕ್ಸ್ ಅಂಗಡಿಯವನು ಬೆಳಗಾಗುವುದರೊಳಗೆ ಬ್ಯಾನರು ಕೊಡಬೇಕು. ಒಡೆಯದ ಫಾಂಟನ್ನೇ ಅವನು ಹಿಡಿದ. ಆಮೇಲಿನ ಆವೃತ್ತಿಗಳಲ್ಲಿ ಪಠ್ಯದ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಬಂತು. ಅದು ಎಲ್ಲಿದೆ ಎಂದು ಮೇಡಂ ಈಗ ತೋರಿಸುತ್ತಿದ್ದಾರೆ. ಟೈಟಲ್ಲಿಗೆ ‘ಬಾಲೂ ತಮ್ಮ’ ಫಾಂಟು ಬೇಕೆಂದು ಒಬ್ಬ, ಬೇಡವೆಂದು ಇನ್ನೊಬ್ಬ. ಹೆಸರಿನ ಆಸೆಗೇ ತಮ್ಮ ಗೆಲ್ಲುತ್ತಾನೆ.

ಕರೆಂಟು ಬಂದಿದೆ. ಸಬ್‌ಟೈಟಲ್ ಮತ್ತೆ ಟೈಪಾಗುತ್ತಿದೆ, ಅವರು ಇನ್ನು ಓಕೆ ಒತ್ತುವ ಮುಂಚೆ ಓದುತ್ತಾರೆ. ನಿಮಗೊಂದು ಕೋರಿಕೆ. ಮನೆಯ ಕಂಪ್ಯೂಟರಿನಲ್ಲಿ ಅಪ್ಪನ ಲೇಖನವೋ, ಸಂಘದ ವರದಿಯೋ ಹಳೆಯ ನುಡಿ ಫಾಂಟಿನಲ್ಲಿದ್ದರೆ ಈ ವಾರವೇ ಯೂನಿಕೋಡಿಗೆ ಬದಲಿಸಿಡಿ. ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತುಗಳ ಮೇಲೊಮ್ಮೆ ಕಣ್ಣಾಡಿಸಿ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.